ಹೊಸ್ತಿನ ಊಟ ಮತ್ತು ಅಣ್ಣನ ಸೊಳ್ಳೆಪರದೆ

ಒಂದು ವರ್ಷ, ಹೊಸ ಅಕ್ಕಿ ಉಣ್ಣುವ ಹೊಸ್ತಿನ ದಿನ ಅಣ್ಣನ ಕಡೆ ತಿರುಗಿ "ಹೊಸ್ತ್ ಉಂತೆ ಅಣ್ಣ" ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳದೆ ಉಂಡೆ. ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡೆ ಎಂಬುದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲವಾದರೆ ಬೇರೆ ಯಾರಾದರೂ ನಿಮಗೆ ಹೇಳುತ್ತಾರೆ, ಅಷ್ಟು ಹೊತ್ತಿಗೆ ಅದು ನಾಲ್ಕನೆಯ ಸಲ ಆಗಿರುತ್ತದೆ.

ಇದು ಮತ್ತೆ ತಲೆಗೆ ಹತ್ತಿದ್ದು ಒಂದು ಒಣ ತೆನೆಯಿಂದ. ನಮ್ಮ ಕಡೆ ಹೊಸ ಭತ್ತದ ತೆನೆಯನ್ನು ಮಾವಿನ ಎಲೆ, ಹಲಸಿನ ಎಲೆಯ ಜೊತೆ ಸೇರಿಸಿ ಬಾಗಿಲ ದಾರಂದಕ್ಕೆ ಕಟ್ಟುತ್ತೇವೆ. ಮುಂದಿನ ವರ್ಷ ಹೊಸ ತೆನೆ ಬರುವವರೆಗೂ ಅದು ಅಲ್ಲೇ ಜೋತಾಡುತ್ತಿರಬೇಕು. ಈ ಸಲ ಹೊಸ್ತು ಹತ್ತಿರ ಬಂದಾಗ ನಾನು ಹೊಸ್ತಿಲ ಮೇಲೆ ಕುಳಿತು ಚಾ ಕುಡಿಯುತ್ತಿದ್ದೆ. ಹೊಸ್ತಿಲ ಮೇಲೆ ಕೂರಬಾರದೆಂದು ಅಮ್ಮ ಹೇಳುತ್ತಲೇ ಬಂದಿದ್ದಾಳೆ, ನಾನು ಕೂರುತ್ತಲೇ ಬಂದಿದ್ದೇನೆ. ಹಳೆಯ ತೆನೆಯ ದಾರ ಹರಿದು ಸೀದಾ ನನ್ನ ಲೋಟದೊಳಗೆ ಬಿತ್ತು. ಇಲಿ ಕಾಳನ್ನೆಲ್ಲ ತಿಂದು ಹುಲ್ಲು ಮಾತ್ರ ಬಿಟ್ಟಿತ್ತು. ಬಿಸಿ ಚಾದಲ್ಲಿ ನೆನೆದ ಆ ಹುಲ್ಲಿನಿಂದ ಗದ್ದೆಯ ವಾಸನೆ ಎದ್ದಿತು, ಅದರ ಹಿಂದೆಯೇ ನೆನಪಿನಲ್ಲಿ ಅಣ್ಣನೂ ಎದ್ದು ಬಂದ.

ನಮ್ಮ ಮನೆ ನಾವುಂದದಲ್ಲಿ. ಕಡಲಿಗೂ ಹೆದ್ದಾರಿಗೂ ನಡುವೆ. ನಾನು ಮದುವೆಯಾಗಿಯೂ ತಾಯಿಮನೆಯಲ್ಲೇ ಉಳಿದವಳು. ಗಂಡ ಗಂಗೊಳ್ಳಿಯ ಬೋಟಿಗೆ ಹೋಗುತ್ತಾರೆ. ಗದ್ದೆಯೂ ಇದೆ, ಆದರೆ ಅದರಲ್ಲಿ ಒಂದು ಕೋಣ ನಿಂತರೆ ಬಾಲ ಪಕ್ಕದವರ ಗದ್ದೆಯಲ್ಲಿರುತ್ತದೆ. ಅಷ್ಟು ಗದ್ದೆಯ ಅಕ್ಕಿಯೇ ಆದರೂ ಹೊಸ್ತಿಗೆ ಅದೇ ಆಗಬೇಕು. ಹೊಸ ಅಕ್ಕಿಯ ಅನ್ನ, ಬೆಲ್ಲ ಮತ್ತು ತೆಂಗಿನ ಹಾಲಿನ ಪಾಯಸ. ಮನೆಯವರೆಲ್ಲ ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂರಬೇಕು. ತುತ್ತು ಬಾಯಿಗಿಡುವ ಮೊದಲು ಕಿರಿಯರು ಹಿರಿಯರೊಬ್ಬೊಬ್ಬರ ಕಡೆಗೂ ತಿರುಗಿ "ಹೊಸ್ತ್ ಉಂತೆ", ಹೊಸತು ಉಣ್ಣುತ್ತೇನೆ, ಎಂದು ಅಪ್ಪಣೆ ಕೇಳಬೇಕು. ಅವರು "ಉಣ್" ಎನ್ನಬೇಕು. ಮಂತ್ರವಿಲ್ಲ, ದಕ್ಷಿಣೆಯಿಲ್ಲ, ಪುರೋಹಿತರಿಲ್ಲ. ಆದರೆ ಮನೆಯ ಹಿರಿಯನೊಬ್ಬನನ್ನು ಕೇಳದೆ ಉಂಡರೆ, ಅವನು ಆ ಮನೆಯವನಲ್ಲ ಎಂದು ಎಲ್ಲರೆದುರು ಹೇಳಿದಂತೆ.

ಅಣ್ಣ ಬೊಂಬಾಯಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ವಯಸ್ಸು ಕಳೆದವನು. ಹೊಸ್ತಿಗೆ ಬರಲು ರಜೆ ಸಿಗುತ್ತಿರಲಿಲ್ಲ. ಹಾಗಾಗಿ ನಾವು ಫೋನಿನಲ್ಲೇ ಕೇಳುತ್ತಿದ್ದೆವು. ನಾನು "ಹೊಸ್ತ್ ಉಂತೆ ಅಣ್ಣ" ಎನ್ನುವಾಗ ಆ ಕಡೆಯಿಂದ ಕಾವಲಿಗೆ ನೀರು ಚಿಮುಕಿಸಿದ ಚುಂಯ್ ಶಬ್ದ ಬರುತ್ತಿತ್ತು.

"ಉಣ್ ಹೆಣೆ, ಸಮಾ ಉಣ್. ಪಾಯ್ಸಕ್ಕೆ ಬೆಲ್ಲ ಕಡ್ಮಿ ಹಾಕಿರೆ ನಂಗ್ ಇಲ್ಲಿಂದ್ಲೇ ಗೊತ್ತಾತ್ತ್!"

ಅಷ್ಟು ದೂರ ಇದ್ದಾಗ ಒಂದು ವರ್ಷವೂ ತಪ್ಪದೆ ಕೇಳಿದವಳು, ಅವನು ಮನೆಯಲ್ಲೇ ಬಂದು ಕುಳಿತಾಗ ಕೇಳಲಿಲ್ಲ. ನನ್ನ ಬುದ್ಧಿ ಯಾವ ಕಂಪನಿಯ ಮಾಲು ಎಂದು ನೀವೇ ಹೇಳಿ.

ಅವನು ಊರಿಗೆ ಬಂದದ್ದು ಮಳೆಗಾಲದ ಕೊನೆಯಲ್ಲಿ. ಸೊರಗಿದ್ದ. ನಾನು ಹಿತ್ತಿಲಲ್ಲಿ ಬಂಗಡೆ ಸೀಳುತ್ತಿದ್ದೆ. ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ತಾನೂ ಒಂದು ಮೀನನ್ನು ಕೈಗೆತ್ತಿಕೊಂಡು ಹೇಳಿದ:

"ಇದ್ ನಿಂಗ್ ಮಾತ್ರ ಹೇಳುದ್. ನನ್ ರಕ್ತದಗೆ ಎಚ್‌ಐವಿ ಇತ್ತ್. ಹ್ಯಾಂಗ್ ಬಂತ್ ಅಂದ್ ಕೇಣ್ಬೇಡ. ಮದ್ದ್ ತಕಂತಾ ಇದ್ದೆ. ದಿನಾ ತಕಂಡ್ರೆ ಎಂತದೂ ಆತಿಲ್ಲೆ ಅಂಬ್ರ್."

ನನ್ನ ಕೈಯ ಬಂಗಡೆ ಜಾರಿ ಬಿತ್ತು. ಬೆಕ್ಕು ಕಚ್ಚಿಕೊಂಡು ಓಡಿತು. ಅಣ್ಣ ಬೆಕ್ಕಿನ ಹಿಂದೆ ಹೋದ. ಅಷ್ಟರಲ್ಲಿ ನಾನು, ಅವನು ಮುಟ್ಟಿದ ಇನ್ನೊಂದು ಮೀನನ್ನು ಸಾರಿಗೆ ಹಾಕುವುದೋ ಬೇಡವೋ ಎಂಬ ಯೋಚನೆಯಲ್ಲಿದ್ದೆ. ಕೊನೆಗೆ ಅದನ್ನೂ ಬೆಕ್ಕಿಗೇ ಹಾಕಿದೆ. ಆ ದಿನ ನಮ್ಮ ಮನೆಯಲ್ಲಿ ಸುಖವಾಗಿದ್ದದ್ದು ಬೆಕ್ಕು ಒಂದೇ.

ಗುಟ್ಟು ಕಾಯುವುದರಲ್ಲಿ ನನ್ನದೊಂದು ಪದ್ಧತಿ ಇದೆ. ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಆ ಒಬ್ಬರು ಪಕ್ಕದ ಮನೆಯ ಗುಲಾಬಕ್ಕ. ಮೀನಿನ ಬುಟ್ಟಿ ಹಿಡಿದು ಒಂದು ದಿನ ಬೈಂದೂರು, ಒಂದು ದಿನ ಕುಂದಾಪುರ ಎಂದು ಬಸ್ಸಿನಲ್ಲಿ ತಿರುಗುವವರು.

"ಎಂತ ಹೆಣೆ, ನಿನ್ನಣ್ಣ ಊರಗೇ ಕೂತಿದ್ನಲೆ? ಹೋಟ್ಲ್ ಬಿಟ್ನಾ?" ಎಂದು ಬಾವಿಕಟ್ಟೆಯಲ್ಲಿ ಕೇಳಿದರು.

"ಎಂತ ಇಲ್ಲೆ ಗುಲಾಬಕ್ಕ. ರಕ್ತದಗೆ ಒಂಚೂರ್ ತೊಂದ್ರಿ. ದೊಡ್ಡಾಸ್ಪತ್ರಿ ಮದ್ದ್. ಯಾರಿಗೂ ಹೇಳ್ಬೇಡಿ, ಅಕಾ?"

"ನಾನಾ? ನಾನ್ ಯಾರಿಗ್ ಹೇಳ್ತೆ ಮಾರಾಯ್ತಿ!"

ಅವರು ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಂತರ ಕೇಳಿದವರೂ ಒಳ್ಳೆಯ ಮನಸ್ಸಿನಿಂದಲೇ ಮುಂದೆ ಸಾಗಿಸಿದರು. ಒಬ್ಬರೂ ಸುಳ್ಳು ಹೇಳಲಿಲ್ಲ. ಕೇಳಿದ್ದನ್ನು ಸರಿಯಾಗಿ ಕೇಳಿದೆನೇ ಎಂದು ಒಬ್ಬರೂ ತಿರುಗಿ ನೋಡಲಿಲ್ಲ, ಅಷ್ಟೆ. ಬೈಂದೂರು ತಲುಪುವಾಗ ಅಣ್ಣನ ರಕ್ತ ಕೆಟ್ಟಿತ್ತು. ಕುಂದಾಪುರದ ಮೀನುಪೇಟೆಯಲ್ಲಿ ಆ ರಕ್ತವನ್ನು ಪೂರ್ತಿ ತೆಗೆದು ಯಾರದ್ದೋ ರಕ್ತ ತುಂಬಿಸಿದ್ದರು. ಕೆರಾಡಿಯ ಕಡೆ ಹೋದ ಸುದ್ದಿಗೆ ಕಾಡಿನ ಗಾಳಿ ತಾಗಿ, ಬೊಂಬಾಯಿಯ ಹೋಟೆಲಿನಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿ ಅಣ್ಣನ ರಕ್ತ ಬತ್ತಿಹೋಗಿತ್ತು. ಈ ಉಂಬಳದ ಸುದ್ದಿ ಹೆಚ್ಚು ದಿನ ಬದುಕಲಿಲ್ಲ. ಪೇಟೆಯವರು ನಕ್ಕುಬಿಟ್ಟರು, ಅದು ಅಲ್ಲೇ ಸತ್ತಿತು.

ಬ್ರಹ್ಮಾವರಕ್ಕೆ ಹೋದದ್ದು ಮಾತ್ರ ಗಟ್ಟಿ ಪಿಂಡ. ಅಲ್ಲಿ ಆಗಲೇ ಬೇರೊಂದು ಸುದ್ದಿ ಓಡಾಡಿಕೊಂಡಿತ್ತು: ಬೊಂಬಾಯಿಯಲ್ಲಿ ಯಾವನೋ ಒಬ್ಬ ಹೋಟೆಲಿನವನು ಧಣಿಯ ಹೆಂಡತಿಯ ಜೊತೆ ಓಡಿಹೋದನಂತೆ. ಎರಡೂ ಸುದ್ದಿ ಯಾವುದೋ ಮದುವೆಮನೆಯಲ್ಲಿ ನಮ್ಮ ಚಿಕ್ಕಮ್ಮನ ಒಂದೇ ಕಿವಿಗೆ ಹೊಕ್ಕವು. ಮರುದಿನವೇ ಫೋನು ಬಂತು.

"ಹೆಣೆ, ಕೇಂಡ್ಯಾ? ನಿನ್ನಣ್ಣ ಧಣಿ ಹೆಂಡ್ತಿನ್ ಕರ್ಕಂಡ್ ಓಡಿದ್ದ ಅಂಬ್ರ್. ಧಣಿ ಹಿಡ್ಸಿ ಏಡ್ಸಿನ ಸೂಜಿ ಚುಚ್ಸಿದ ಅಂಬ್ರ್!"

"ಹೌದಾ ಚಿಕ್ಕಮ್ಮ? ನಮ್ಗ್ ಗೊತ್ತೇ ಇಲ್ಲೆ!"

"ಮನಿಯವ್ರಿಗ್ ಕಡಿಗೇ ಗೊತ್ತಾಪುದ್. ಬಟ್ಲ್ ಬೇರೆ ಮಾಡ್. ಮತ್ತೆ ಸೊಳ್ಳಿ ಕಾಣ್, ಸೊಳ್ಳಿ! ಅವ್ನಿಗ್ ಕಚ್ಚಿದ್ದ್ ಬಂದ್ ನಿಂಗ್ ಕಚ್ಚುಕಾಗ."

ಸುದ್ದಿಯನ್ನು ಹೊರಗೆ ಬಿಟ್ಟವಳು ನಾನು. ಅದು ಊರೆಲ್ಲ ತಿರುಗಿ, ಸೂಜಿ ಹಿಡಿದುಕೊಂಡು, ಧಣಿಯ ಹೆಂಡತಿಯನ್ನೂ ಕರೆದುಕೊಂಡು ಮನೆಗೆ ವಾಪಸು ಬಂದಾಗ, ಅದನ್ನು ಮೊದಲು ನಂಬಿದವಳೂ ನಾನೇ. ಅಮ್ಮನ ಕಿವಿಗೂ ಬಿತ್ತು. ಅತ್ತಳು. ಆದರೆ ಅವಳಿಗೆ ಈ ಕಥೆಯೇ ಸ್ವಲ್ಪ ಸಮಾಧಾನ ಕೊಟ್ಟಿತೆಂದು ತೋರುತ್ತದೆ. "ಆ ಹೆಂಗ್ಸ್ ಕಾಂಬುಕೆ ಚೆಂದ ಇದ್ಲಂಬ್ರಾ?" ಎಂದು ಒಮ್ಮೆ ನನ್ನಲ್ಲಿ ಮೆಲ್ಲಗೆ ಕೇಳಿದ್ದಳು.

ಅಣ್ಣನ ಬಟ್ಟಲು, ಲೋಟ ಬೇರೆಯಾದವು. ಗುರುತಿಗೆ ಲೋಟದ ಕಂಠಕ್ಕೆ ಕೆಂಪು ದಾರ ಕಟ್ಟಿದೆ. ಊಟ ಜಗಲಿಯಲ್ಲಿ. ಮೂಲೆಯಲ್ಲಿ ಹಾಸಿಗೆ. ಪೇಟೆಯಿಂದ ಒಂದು ಹೊಸ ಸೊಳ್ಳೆಪರದೆ ತಂದು ಕಟ್ಟಿದೆ. ನಮ್ಮ ಮನೆಯಲ್ಲಿ ಹಿಂದೆಂದೂ ಯಾರೂ ಪರದೆ ಕಟ್ಟಿ ಮಲಗಿದವರಲ್ಲ.

"ತಂಗಿ ಅಂದ್ರೆ ಹೀಂಗ್ ಇರ್ಕ್" ಎಂದು ಬಂದವರೆಲ್ಲ ಹೊಗಳಿದರು. ನಾನು ತಲೆತಗ್ಗಿಸಿ ಹೊಗಳಿಕೆ ತೆಗೆದುಕೊಂಡೆ. ಪರದೆ ಅಣ್ಣನನ್ನು ಸೊಳ್ಳೆಯಿಂದ ಕಾಯಲು ಅಲ್ಲ, ಅಣ್ಣನನ್ನು ಕಚ್ಚಿದ ಸೊಳ್ಳೆಯಿಂದ ನಮ್ಮನ್ನು ಕಾಯಲು ಎಂಬುದು ನನಗೆ ಮಾತ್ರ ಗೊತ್ತಿತ್ತು. ಅವನಿಗೂ ಗೊತ್ತಿತ್ತೇನೋ. ಮೊದಲ ದಿನ ಒಳಗೆ ಕುಳಿತು ಪರದೆಯಿಂದ ಮುಖ ಮಾತ್ರ ಹೊರಗೆ ಹಾಕಿ ಹೇಳಿದ:

"ಎಂತ ಹೆಣೆ, ನಂಗ್ ಮದಿ ಮಾಡ್ತ್ಯಾ? ಮಂಟಪ ಭಾರೀ ಚೆಂದ ಆಯ್ತ್. ಹುಡ್ಗಿ ಎಲ್ಲಿತ್ತ್?"

ಹೀಗಿರುವಾಗ ಹೊಸ್ತು ಬಂತು. ಸಾಲಿನಲ್ಲಿ ಕೂರಬೇಕು, ಅಣ್ಣ ಅಮ್ಮನ ಪಕ್ಕದಲ್ಲಿ, ಅವನ ಪಕ್ಕದಲ್ಲಿ ನಾನು. ಬಂದ ನೆಂಟರೆದುರು ಅವನ ಎಲೆಯನ್ನು ಜಗಲಿಗೆ ಹಾಕುವಷ್ಟು ಧೈರ್ಯ ನನಗಿರಲಿಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳುವಷ್ಟು ಧೈರ್ಯವೂ ಇರಲಿಲ್ಲ. ಬೇರೆಯವರು ದಿನ ಗೊತ್ತುಮಾಡಲು ಪಂಚಾಂಗ ನೋಡುತ್ತಾರೆ. ನಾನು ಅಣ್ಣನ ಆಸ್ಪತ್ರೆಯ ಚೀಟಿ ನೋಡಿದೆ. ಮದ್ದು ತರಲು ಅವನು ಉಡುಪಿಗೆ ಹೋಗಬೇಕಾದ ದಿನವೇ ನಮ್ಮ ಮನೆಗೆ ಪರಮ ಶ್ರೇಷ್ಠ ದಿನವೆಂದು ತೀರ್ಮಾನಿಸಿದೆ. ಅವನಿಗೆ ಹೇಳಲಿಲ್ಲ.

ಬೆಳಿಗ್ಗೆ ಅವನು ಬಸ್ಸು ಹತ್ತಿದ ಮೇಲೆ ತೆನೆ ಬಂತು. ದಾರಂದಕ್ಕೆ ಕಟ್ಟಿದೆವು, ಬಾವಿಯ ರಾಟೆಗೆ ಕಟ್ಟಿದೆವು, ಅಕ್ಕಿ ಡಬ್ಬಕ್ಕೆ, ಗಂಡನ ಸ್ಕೂಟರಿಗೆ, ಟಿವಿಗೂ ಕಟ್ಟಿದೆವು. ಊಟಕ್ಕೆ ಕೂರುವಾಗ ಗಂಡ, "ಭಾವ ಬಪ್ಪುವರಿಗೆ ಕಾಂಬನಾ?" ಎಂದರು.

"ಪಾಯ್ಸ ಹಳ್ಸ್ತ್" ಎಂದೆ.

"ಅಣ್ಣನತ್ರ ಫೋನಗೆ ಹೇಳಿದ್ಯಾ?" ಎಂದಳು ಅಮ್ಮ. ನಾನು ಹೂಂ ಎಂದು ತಲೆ ಆಡಿಸಿದೆ. ಫೋನು ನನ್ನ ಸೊಂಟದಲ್ಲೇ ಇತ್ತು. ಅವನ ಫೋನು ಅವನ ಕಿಸೆಯಲ್ಲಿತ್ತು. ಬೊಂಬಾಯಿಗೆ ಮುಟ್ಟುತ್ತಿದ್ದ ಮಾತು ಉಡುಪಿಗೆ ಮುಟ್ಟಲಿಲ್ಲ.

ಇಳಿಹೊತ್ತಿಗೆ ಅಣ್ಣ ಬಂದ. ಅಂಗಳದಲ್ಲೇ ನಿಂತು ದಾರಂದ ನೋಡಿದ. ರಾಟೆ ನೋಡಿದ. ಸ್ಕೂಟರ್ ನೋಡಿದ.

"ಹೊಸ್ತ್ ಆಯ್ತಾ?"

"ಹೂಂ. ದಿನ ಒಳ್ಳೆದಿದ್ದಿತ್ತ್ ಅಂಬ್ರ್."

"ಒಳ್ಳೆದಾಯ್ತ್" ಎಂದ. ಅಂಗಳದಲ್ಲಿ ಬಿದ್ದಿದ್ದ ಒಂದು ತೆನೆಯನ್ನು ಹೆಕ್ಕಿ ತನ್ನ ಮದ್ದಿನ ಚೀಲದ ಹಿಡಿಕೆಗೆ ಕಟ್ಟಿಕೊಂಡ. ಮರುದಿನ ಬೆಳಿಗ್ಗೆ, ಕುಂದಾಪುರದ ಕೋಡಿಯಲ್ಲಿ ಒಬ್ಬರು ಕ್ಯಾಂಟೀನಿಗೆ ಜನ ಕೇಳಿದ್ದಾರೆ, ಅಲ್ಲೇ ಕೋಣೆಯೂ ಕೊಡುತ್ತಾರೆ ಎಂದು ಹೇಳಿ ಹೊರಟ. ಪರದೆಯನ್ನು ನೀಟಾಗಿ ಮಡಚಿ ಇಟ್ಟು ಹೋಗಿದ್ದ.

ನಂತರದ್ದು ನನಗೆ ತಿಳಿದದ್ದು ಉಡುಪಿಯ ಆಸ್ಪತ್ರೆಯಿಂದ ಕರೆ ಬಂದಾಗ. ಅಣ್ಣ ಮದ್ದು ಬಿಟ್ಟಿದ್ದ. ಜ್ವರ, ಕೆಮ್ಮು ಹಿಡಿದು ಮಲಗಿದ್ದ. ಹಳೆಯ ಮಾತ್ರೆ ಇನ್ನು ನಾಟುವುದಿಲ್ಲ, ಬೇರೆ ಮಾತ್ರೆ ಶುರುಮಾಡಬೇಕು, ಮನೆಯವರು ಯಾರಾದರೂ ಬನ್ನಿ ಎಂದರು. ಹೋದೆ. ಅಲ್ಲಿ ತಿಳಿಹೇಳುವ ಒಬ್ಬ ಮೇಡಂ ಇದ್ದರು. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ, ಸೊಳ್ಳೆಯಿಂದ ಬರುವುದಿಲ್ಲ ಎಂದರು. ಸೊಳ್ಳೆಯ ಮಾತು ಬಂದಾಗ ನಾನು ಗೋಡೆಯ ಗಡಿಯಾರ ನೋಡಿದೆ.

"ಮನೆಯಲ್ಲಿ ಇವರ ಜೊತೆ ಕುಳಿತು ಊಟ ಮಾಡುತ್ತೀರಲ್ಲ?" ಎಂದು ಕೇಳಿದರು.

"ಅಣ್ಣ ಕೋಡಿಯಗೆ ಇಪ್ಪುದ್" ಎಂದೆ. ಕೇಳಿದ್ದಕ್ಕೆ ಉತ್ತರ ಕೊಡದೆ ನಿಜ ಹೇಳುವ ವಿದ್ಯೆ ಏಳನೆಯ ತರಗತಿಯವರೆಗೆ ಓದಿದರೂ ಬರುತ್ತದೆ.

ಆ ವೈರಸ್ಸು ಹೇಗೆ ಬೆಳೆಯುತ್ತದೆ, ಹಳೆಯ ಮಾತ್ರೆ ಯಾಕೆ ನಾಟುವುದಿಲ್ಲ ಎಂದು ಮೇಡಂ ಚಿತ್ರ ಬರೆದು ತೋರಿಸಿದರು. ನನಗೆ ಕಂಡದ್ದು ಹಲಸಿನಕಾಯಿ. ಕೆಲವು ದಿನ ಕಳೆದು ಅಣ್ಣನನ್ನು ಕರೆದುಕೊಂಡು ಬಸ್ಸಿನಲ್ಲಿ ಬರುವಾಗ ಅವನೇ ಬಿಡಿಸಿ ಹೇಳಿದ. ಅವನೂ ಮೇಡಂ ಹತ್ತಿರ ಮತ್ತೆ ಮತ್ತೆ ಕೇಳಿ ತಿಳಿದದ್ದು.

"ಕಾಣ್, ನಮ್ ಹೋಟ್ಲಿನ ಅಡ್ಗಿಕೋಣಿ ಗೋಡಿ ಮೇಲೆ ಸಾಂಬಾರಿಗೆ ಎಂತೆಂತ ಎಷ್ಟೆಷ್ಟ್ ಅಂದ್ ಬರ್ದಿತ್ತ್. ಅದನ್ ಕಂಡ್ ಚೀಟಿ ಬರುದ್, ಚೀಟಿ ಕಂಡ್ ಅಡ್ಗಿ ಮಾಡುದ್. ನಮ್ ಮೈಯಗೂ ಹಾಂಗೇ. ಗೋಡಿಯಿಂದ ಚೀಟಿಗೆ."

"ಸೈ."

"ಈ ವೈರಸ್ಸಿಗೆ ಒಲಿ ಇಲ್ಲೆ, ಪಾತ್ರಿ ಇಲ್ಲೆ. ಬರೀ ಒಂದ್ ಚೀಟಿ ಹಿಡ್ಕಂಡ್ ಒಳ್ಗ್ ಬತ್ತ್. ಆದ್ರೆ ಸಂಗ್ತಿಗೆ ಒಬ್ಬ ಬರವಣಿಗಿಯವ್ನನ್ನ ಕರ್ಕಂಡೇ ಬಪ್ಪುದ್. ಅವ ಉಲ್ಟಾ ಮಾಡ್ತ. ಚೀಟಿಯಗೆ ಇದ್ದದ್ದನ್ನ ಗೋಡಿ ಮೇಲೆ ಬರೀತ. ಬರ್ದ್ ಮೇಲೆ ಮುಗೀತ್. ಆಮೇಲ್ ನಮ್ ಅಡ್ಗಿಯವ್ರೇ, ನಮ್ ಒಲಿಯಗೇ, ಅವ್ನ್ ಅಡ್ಗಿ ಮಾಡಿ ಪಾರ್ಸೆಲ್ ಕಟ್ಟಿ ಕಳ್ಸುದ್!"

"ಒರ್ಸುಕೆ ಆತಿಲ್ಯಾ?"

"ಆತಿಲ್ಲೆ. ಮದ್ದಿನ ಕೆಲ್ಸ ಅಂದ್ರೆ ಹೊಸ್ತಾಗಿ ಬರೂಕೆ ಬಿಡ್ದೆ ಇಪ್ಪುದ್, ಪಾರ್ಸೆಲ್ ಹೊರ್ಗ್ ಹೋಪುದನ್ನ ತಡುದ್. ಸಮಾ ಮದ್ದ್ ತಕಂಡ್ರೆ ರಕ್ತದಗೆ ಹುಡ್ಕಿರೂ ಸಿಕ್ಕುದಿಲ್ಲೆ, ಮತ್ತೊಬ್ರಿಗ್ ಹೋಪುದೂ ಇಲ್ಲೆ. ಮದ್ದ್ ಬಿಟ್ರೆ ಬರವಣಿಗಿಯವ ಮತ್ತೆ ಶುರು. ಅವ ಕುಡುಕ ಹೆಣೆ! ಬರ್ದದ್ದನ್ನ ತಿರ್ಗಿ ಓದುದಿಲ್ಲೆ. ಒಂದ್ ಚಮ್ಚ ಉಪ್ಪ್ ಅಂದಲ್ಲಿ ಒಂದ್ ಸೇರ್ ಅಂದ್ ಬರೀತ. ಸುಮಾರ್ ಅಡ್ಗಿ ಹಾಳಾಯ್ ಹೋತ್ತ್. ಆದ್ರೆ ಯಾವ್ದೋ ಒಂದ್ ತಪ್ಪ್ ಹ್ಯಾಂಗ್ ಬೀಳ್ತ್ ಅಂದ್ರೆ, ಮದ್ದಿಗೆ ಅದ್ರ ಗುರ್ತವೇ ಸಿಕ್ಕುದಿಲ್ಲೆ."

ಬಸ್ಸು ಬ್ರಹ್ಮಾವರ ದಾಟುತ್ತಿತ್ತು. ಅಣ್ಣನಿಗೆ ಹುರುಪು ಬಂದಿತ್ತು.

"ಮತ್ತೊಂದಿತ್ತ್ ಕಾಣ್. ಒಂದೊಂದ್ ಪಾರ್ಸೆಲ್ಲಗೂ ಎರಡೆರಡ್ ಚೀಟಿ ಇರ್ತ್. ಒಂದೇ ಅಡ್ಗಿಕೋಣಿಗೆ ಎರಡ್ ನಮೂನಿ ವೈರಸ್ಸ್ ಹೊಕ್ರೆ, ಇದ್ರದ್ದೊಂದ್ ಚೀಟಿ ಅದ್ರದ್ದೊಂದ್ ಚೀಟಿ ಒಂದೇ ಪಾರ್ಸೆಲ್ಲಿಗೆ ಬೀಳ್ತ್. ಕುಡುಕ ಇದನ್ನ ಅರ್ಧ ಬರ್ದ್, ಕೈ ಜಾರಿ ಉಳ್ದ ಅರ್ಧ ಅದ್ರಿಂದ ಬರೀತ. ಒಂದ್ ಚೀಟಿಗೆ ಒಂದ್ ಮಾತ್ರಿ ತಪ್ಸುಕೆ ಗೊತ್ತಿತ್ತ್, ಇನ್ನೊಂದಕ್ಕೆ ಮತ್ತೊಂದ್ ಮಾತ್ರಿ. ಸೇರ್ಸಿ ಬರ್ದದ್ದಕ್ಕೆ ಎರಡೂ ಗೊತ್ತಿತ್ತ್!"

ಎದುರು ಸೀಟಿನಲ್ಲಿ ಕಿವಿಯನ್ನು ಹಿಂದಕ್ಕೆ ಕೊಟ್ಟು ಕುಳಿತಿದ್ದವರೊಬ್ಬರು ತಿರುಗಿದರು. "ಹ್ವಾಯ್, ಯಾವ್ ಹೋಟ್ಲ್ ಅದ್? ಒಂದ್ ಸೇರ್ ಉಪ್ಪ್ ಹಾಕುದ್? ಕುಡ್ಕರನ್ನ ಎಂತಕ್ ಇಟ್ಕಂತ್ರಿ ಮಾರಾಯ್ರೆ?" ಎಂದು, ಉತ್ತರಕ್ಕೂ ಕಾಯದೆ ಕೋಟದಲ್ಲಿ ಇಳಿದುಹೋದರು. ಆ ದಿನ ಸಂಜೆಗೆ ಯಾವ ಪಾಪದ ಹೋಟೆಲಿನ ಸಾಂಬಾರಿಗೆ ಏನಾಯಿತೋ ದೇವರಿಗೇ ಗೊತ್ತು.

ಅಣ್ಣ ಕೆಮ್ಮುವಷ್ಟು ನಕ್ಕ. ನನಗೆ ನಗು ಬರಲಿಲ್ಲ. ಒಲೆಯಿಲ್ಲದೆ ಬಂದು ನಮ್ಮ ಒಲೆಯಲ್ಲೇ ಬೇಯಿಸಿಕೊಂಡದ್ದು, ತಿರುಗಿ ಓದದೆ ನಕಲು ಮಾಡಿದ್ದು, ಉಂಬಳದ ನಕಲು ಸತ್ತದ್ದು, ಬ್ರಹ್ಮಾವರದಲ್ಲಿ ಎರಡು ಚೀಟಿ ಒಂದಾದದ್ದು, ಎಲ್ಲವನ್ನೂ ನಾನು ಊರಿನ ಸುದ್ದಿಯಲ್ಲಿ ಮೊದಲೇ ಕಂಡಿದ್ದೆ. ಅಣ್ಣನ ಗೋಡೆಯ ಮೇಲೆ ಯಾರು ಬರೆದರೋ ನನಗೆ ಗೊತ್ತಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬರೆದವಳು ನಾನು.

"ಮದ್ದ್ ಎಂತಕ್ ಬಿಟ್ಟೆ ಅಣ್ಣ?" ಎಂದೆ.

ಅವನು ಕಿಟಕಿಯ ಕಡೆ ತಿರುಗಿದ. "ಉಂಡ್ ಮೇಲೆ ತಕಣ್ಕ್ ಅಂದಿದ್ರ್. ಒಬ್ನೇ ಕೂಕಂಡ್ ಉಂಬುಕೆ ಮನ್ಸ್ ಬರ್ಲಿಲ್ಲೆ."

ನನ್ನ ತಪ್ಪನ್ನು ಆಗಲೇ ಹೇಳಬೇಕಿತ್ತು. ಕಂಡಕ್ಟರು "ಕುಂದಾಪ್ರ, ಇಳೀರಿ ಇಳೀರಿ" ಎಂದು ಬೊಬ್ಬೆ ಹೊಡೆದ. ಅದೊಂದು ನೆಪ ಸಾಕಾಯಿತು.

ಆಮೇಲೆ ನಾನು ಅಣ್ಣನಿಗೆ ಏನೇನು ಕಳಿಸಿಲ್ಲ! ಒಣ ಸಿಗಡಿ ಕಳಿಸಿದೆ, ಮಿಡಿ ಉಪ್ಪಿನಕಾಯಿ ಕಳಿಸಿದೆ, ಹಪ್ಪಳ ಕಳಿಸಿದೆ, ಕೋಡಿಯಲ್ಲಿ ಸೊಳ್ಳೆ ಜಾಸ್ತಿ ಎಂದು ಅದೇ ಪರದೆಯನ್ನೂ ಕಳಿಸಿದೆ. ಆ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಕಳಿಸಿದೆ. ಹೊಸ ಮಾತ್ರೆ ಹಿಡಿಯಿತು, ಅವನು ಮೈ ತುಂಬಿಕೊಂಡ. ಲೋಟದ ಕೆಂಪು ದಾರವನ್ನು ಯಾರೂ ಇಲ್ಲದಾಗ ಬಿಚ್ಚಿ ಒಲೆಗೆ ಹಾಕಿದೆ. ಹೊಸ್ತು ಬಂದರೆ ಮಾತ್ರ ಅವನಿಗೆ ಕ್ಯಾಂಟೀನಿನಲ್ಲಿ ಕೆಲಸ ಜಾಸ್ತಿ ಇರುತ್ತಿತ್ತು. ನಾನೂ ಒತ್ತಾಯ ಮಾಡುತ್ತಿರಲಿಲ್ಲ.

ಈ ಸಲ ತೆನೆ ಚಾದೊಳಗೆ ಬಿದ್ದ ಮೇಲೆ ಆ ಚಾ ಕುಡಿಯಲಾಗಲಿಲ್ಲ. ಹೊಸ್ತಿನ ಬೆಳಿಗ್ಗೆ ಪಾಯಸಕ್ಕೆ ಬೆಲ್ಲ ಕರಗಿ ಬರುವಷ್ಟರಲ್ಲಿ ಅಮ್ಮನಿಗೆ ಸಟ್ಟುಗ ಕೊಟ್ಟು ಕೋಡಿಗೆ ಹೋದೆ. ಅಣ್ಣ ಮೀನು ಹುರಿಯುತ್ತಿದ್ದ. ಅವನ ಒಲೆಯ ಮೇಲಿನ ಮೊಳೆಯಲ್ಲಿ ಒಂದು ತೆನೆ ತೂಗುತ್ತಿತ್ತು. ಹಸಿ ತೆನೆ. ಪೇಟೆಯಿಂದ ತಂದು ತಾನೇ ಕಟ್ಟಿಕೊಂಡಿದ್ದ.

"ಇವತ್ತ್ ಹೊಸ್ತ್ ಅಲ್ದಾ? ಇಲ್ಲೆಂತಕ್ ಬಂದದ್ದ್?"

"ಕರೂಕೆ ಬಂದದ್ದ್. ಬಾ."

"ದಿನ ಒಳ್ಳೆದಿತ್ತಾ?" ಎಂದ, ಮೀನು ಮಗುಚುತ್ತಾ. ನನ್ನ ಮುಖ ನೋಡಲಿಲ್ಲ.

"ನೀನ್ ಬಂದ್ರೆ ಇತ್ತ್."

ಅಣ್ಣ ಮೀನು ಇಳಿಸಿ, ಒಲೆ ಆರಿಸಿ ಕೈ ತೊಳೆದುಕೊಂಡ.

ಮನೆಯಲ್ಲಿ ಚಿಕ್ಕಮ್ಮ ಬಂದಿದ್ದರು. ಗುಲಾಬಕ್ಕನೂ ಬಂದು ಕುಳಿತಿದ್ದರು. ಅಣ್ಣನನ್ನು ಕಂಡವರೇ, "ಅಯ್ಯ, ಬಂದ್ನಾ? ದುಬಾಯಿಯಗೆ ಇದ್ದ ಅಂಬ್ರಲೆ!" ಎಂದರು. ಅಣ್ಣ, "ಹೌದ್ ಗುಲಾಬಕ್ಕ, ಈಗ ಇಳ್ದದ್ದೇ" ಎಂದು ಅಮ್ಮನ ಪಕ್ಕದ ಎಲೆಗೆ ಕುಳಿತ. ಅವನ ಪಕ್ಕದಲ್ಲಿ ನಾನು ಕುಳಿತೆ. ಅನ್ನ ಬಂತು, ಪಾಯಸ ಬಂತು. ಅಮ್ಮನ ಕಡೆ ತಿರುಗಿ ಎಲ್ಲರೂ ಕೇಳಿದೆವು. ಅವಳು "ಉಣ್ಣಿ" ಎಂದಳು.

ಇನ್ನು ಅಣ್ಣನ ಸರದಿ. ಎಲ್ಲರ ಕೈಯೂ ಎಲೆಯ ಮೇಲೆ ನಿಂತಿತ್ತು. ಅವನು ತನ್ನ ಪಾಯಸವನ್ನೇ ನೋಡುತ್ತಿದ್ದ, ಬೆಲ್ಲ ಕಡಿಮೆಯಾಗಿದೆಯೋ ಎಂದು ಪರೀಕ್ಷೆ ಮಾಡುವವನ ಹಾಗೆ. ನಾನು ಅವನ ಕಡೆ ತಿರುಗಿದೆ. ಗುಲಾಬಕ್ಕನಿಗೆ, ಚಿಕ್ಕಮ್ಮನಿಗೆ, ಸಾಲಿನ ಕೊನೆಯವರೆಗೂ ಕೇಳಲಿ ಎಂದು ದೊಡ್ಡ ಸ್ವರದಲ್ಲೇ ಹೇಳಿದೆ:

"ಅಣ್ಣ, ಸುದ್ದಿ ಮೊದ್ಲ್ ಹೊರ್ಗ್ ಹಾಕಿದ್ದ್ ನಾನೇ. ಆ ವರ್ಷ ನೀನ್ ಇಲ್ದ ದಿನ ಕಂಡ್ ಹೊಸ್ತ್ ಮಾಡಿದ್ದೂ ನಾನೇ, ನಿನ್ನತ್ರ ಕೇಣ್ದೆ ಉಂಡದ್ದೂ ನಾನೇ. ನಂದ್ ತಪ್ಪಾಯ್ತ್ ಅಣ್ಣ. ಈಗ ಕೇಂತೆ. ಹೊಸ್ತ್ ಉಂತೆ, ಅಕಾ?"